ಸರಳ ಲೋಲಕ ಅಷ್ಟು ಸರಳವೇ?

ಹುಣಸೆಮರದ ಕೊಂಬೆಗೆ ಹಗ್ಗ ಬಿಗಿದು ಉಯ್ಯಾಲೆ ಆಡುವ ಮಕ್ಕಳನ್ನು ನೀವೆಲ್ಲ ನೋಡಿದ್ದೀರಿ, ನೀವೂ ಆಡಿದ್ದೀರಿ. ಜೋರಾಗಿ ನೂಕಿದರೆ ಉಯ್ಯಾಲೆ ದೂರ ಹೋಗಿ ಬರುತ್ತದೆ, ಮೆಲ್ಲಗೆ ನೂಕಿದರೆ ಹತ್ತಿರದಲ್ಲೇ ತೂಗುತ್ತದೆ. ಆದರೆ ಒಂದು ಸಲ ಹೋಗಿ ಬರಲು ಹಿಡಿಯುವ ಕಾಲ ಎರಡಕ್ಕೂ ಹೆಚ್ಚುಕಡಮೆ ಒಂದೇ. ಕುಳಿತವನು ಹತ್ತು ವರ್ಷದ ಹುಡುಗನಾಗಲಿ, ಅವನ ಸೋದರಮಾವನಾಗಲಿ, ಆಗಲೂ ಹೆಚ್ಚುಕಡಮೆ ಅಷ್ಟೇ. ಹಗ್ಗವನ್ನು ಉದ್ದ ಮಾಡಿದರೆ ಮಾತ್ರ ತೂಗು ನಿಧಾನವಾಗುತ್ತದೆ. ಇಟಲಿಯ ಗೆಲಿಲಿಯೋ ಈ ಸಂಗತಿಯನ್ನು ಗಮನಿಸಿದ. ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಇದನ್ನೇ ಆಧಾರ ಮಾಡಿಕೊಂಡು ಲೋಲಕದ ಗಡಿಯಾರವನ್ನು ರಚಿಸಿದ. ನಮ್ಮ ಅಜ್ಜಂದಿರ ಮನೆಯ ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿದ್ದುದು ಅದರ ವಂಶದ ಗಡಿಯಾರವೇ.

ಮೇಲಿನ ಮಾತಿನಲ್ಲಿ ‘ಹೆಚ್ಚುಕಡಮೆ’ ಎಂಬ ಪದವನ್ನು ಎರಡು ಸಲ ಬಳಸಿದೆ. ಇಂದು ನಾನು ಹೇಳಬೇಕೆಂದಿರುವುದು ಆ ಪದದ ವಿಷಯವನ್ನೇ.

ಕೊಳ್ಳೇಗಾಲವಾಗಲಿ, ಯಳಂದೂರಾಗಲಿ, ಈಚೆಗೆ ಕೊಳ್ಳೇಗಾಲದಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾದ ಹನೂರಾಗಲಿ, ಪಿ.ಯು.ಸಿ. ಮೊದಲ ವರ್ಷದಲ್ಲಿ ವಿಜ್ಞಾನ ಓದುವ ಮಗ ಅಥವಾ ಮಗಳು ನಿಮ್ಮ ಮನೆಯಲ್ಲಿದ್ದರೆ, ಸರಳ ಲೋಲಕದ ಪ್ರಯೋಗವನ್ನು ಅವರು ಮಾಡಿಯೇ ಇರುತ್ತಾರೆ. ಒಂದು ಹಿತ್ತಾಳೆಯ ಗುಂಡು, ಒಂದು ಗಜ ದಾರ, ಸೀಳಿದ ಬಿರಡೆ, ಕಬ್ಬಿಣದ ಸ್ಟ್ಯಾಂಡು, ಒಂದು ಸ್ಟಾಪ್ ವಾಚು. ಗುಂಡನ್ನು ತೂಗಬಿಟ್ಟು ಇಪ್ಪತ್ತು ಆಂದೋಲನಗಳನ್ನು ಎಣಿಸಬೇಕು. ಒಂದು ಆಂದೋಲನದ ಕಾಲ ತಿಳಿದರೆ, ದಾರದ ಉದ್ದದ ಜೊತೆ ಅದನ್ನು ಸೂತ್ರದಲ್ಲಿ ಇಟ್ಟು, ಭೂಮಿ ವಸ್ತುಗಳನ್ನು ಎಳೆಯುವ ವೇಗೋತ್ಕರ್ಷವನ್ನು, ಅಂದರೆ ‘ಜಿ’ಯನ್ನು ಲೆಕ್ಕ ಹಾಕಬೇಕು. ಪುಸ್ತಕದಲ್ಲಿ ಅದು 9.8 ಎಂದಿದೆ, ಕೆಲವು ಪುಸ್ತಕಗಳಲ್ಲಿ 9.81 ಎಂದಿದೆ.

ನಾನು ವಿದ್ಯಾರ್ಥಿಯಾಗಿದ್ದಾಗ ನನಗೆ ಬಂದದ್ದು 9.5. ಪಕ್ಕದ ಗೆಳೆಯ ಮೆಲ್ಲಗೆ, “ಮಾರಾಯ, ಕಾಲದ ಕೊನೆಯ ಅಂಕಿಯನ್ನು ಸ್ವಲ್ಪ ತಿದ್ದು, ಸರಿಹೋಗುತ್ತೆ” ಎಂದ. ತಿದ್ದಿದೆ. 9.8 ಬಂತು. ಪೂರ್ಣಾಂಕವೂ ಬಂತು. ಆ ದಿನ ನಾನು ಏನನ್ನು ಕಳೆದುಕೊಂಡೆ ಎಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು. ಆ 9.5ರೊಳಗೆ ನನ್ನ ಲೋಲಕ ನನಗೊಂದು ಸುದ್ದಿ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ.

ಅದು ಯಾವ ಸುದ್ದಿ ಎಂಬುದು ತಿಳಿಯಬೇಕಾದರೆ ಸೂತ್ರದ ಹಿಂದೆ ಏನಿದೆ ಎಂಬುದನ್ನು ನೋಡಬೇಕು. ಪುಸ್ತಕದ ಸರಳ ಲೋಲಕವನ್ನು ಯಾರೂ ಕಣ್ಣಿನಿಂದ ಕಂಡಿಲ್ಲ. ಗುಂಡಿನ ತೂಕವೆಲ್ಲ ಒಂದೇ ಬಿಂದುವಿನಲ್ಲಿದೆ ಎಂದು ಇಟ್ಟುಕೊಳ್ಳೋಣ. ದಾರಕ್ಕೆ ತೂಕವಿಲ್ಲ, ಅದು ಹಿಗ್ಗುವುದಿಲ್ಲ ಎಂದು ಇಟ್ಟುಕೊಳ್ಳೋಣ. ದಾರ ಕಟ್ಟಿದ ಆಸರೆ ಕದಲುವುದಿಲ್ಲ, ಸುತ್ತ ಗಾಳಿ ಇಲ್ಲ, ತೂಗು ಬಹಳ ಚಿಕ್ಕದು ಎಂದು ಇಟ್ಟುಕೊಳ್ಳೋಣ. ಇಷ್ಟು ‘ಇಟ್ಟುಕೊಳ್ಳೋಣ’ಗಳ ಮೇಲೆ ಆ ಸೂತ್ರ ನಿಂತಿದೆ. ಇದು ಮೋಸವಲ್ಲ. ಲೋಕದಲ್ಲಿರುವ ಎಲ್ಲವನ್ನೂ ಒಂದೇ ಸಲಕ್ಕೆ ಲೆಕ್ಕಕ್ಕೆ ತರಲು ಹೊರಟವನು ಲೆಕ್ಕವನ್ನು ಆರಂಭಿಸುವುದೇ ಇಲ್ಲ. ಆದರೆ ಇಟ್ಟುಕೊಂಡದ್ದನ್ನು ಇಟ್ಟುಕೊಂಡದ್ದೆಂದು ನೆನಪಿನಲ್ಲಿಡಬೇಕು. ಒಂದೊಂದಕ್ಕೂ ಎಷ್ಟು ಬೆಲೆ ಎಂಬುದನ್ನು ಅಳೆದು ನೋಡಬೇಕು.

ಮೊದಲು ತೂಗಿನ ಅಗಲವನ್ನು ನೋಡೋಣ. ದಾರವನ್ನು ನೆಟ್ಟನೆಯ ಗೆರೆಯಿಂದ 5 ಡಿಗ್ರಿ ಪಕ್ಕಕ್ಕೆಳೆದು ಬಿಟ್ಟರೆ ಆಂದೋಲನದ ಕಾಲ ಸೂತ್ರ ಹೇಳುವುದಕ್ಕಿಂತ ನೂರಕ್ಕೆ 0.05 ಪಾಲು ಮಾತ್ರ ಹೆಚ್ಚು. 10 ಡಿಗ್ರಿಗೆ ಅದು ನೂರಕ್ಕೆ 0.2 ಆಗುತ್ತದೆ. ಚೆನ್ನಾಗಿ ಕಾಣಲಿ ಎಂದು 30 ಡಿಗ್ರಿ ಎಳೆದರೆ ನೂರಕ್ಕೆ 1.7ಕ್ಕೆ ಏರುತ್ತದೆ. ಲೆಕ್ಕದಲ್ಲಿ ಕಾಲದ ವರ್ಗ ಬರುವುದರಿಂದ ‘ಜಿ’ಯಲ್ಲಿ ದೋಷ ಇಮ್ಮಡಿಯಾಗುತ್ತದೆ, 9.78 ಬರಬೇಕಾದಲ್ಲಿ 9.45 ಬರುತ್ತದೆ. ಈಗ ನನ್ನ 9.5 ನಿಮಗೆ ನೆನಪಾಗಬಹುದು. ನಾನು ಹುರುಪಿನಿಂದ ಗುಂಡನ್ನು ದೂರಕ್ಕೆಳೆದು ಬಿಟ್ಟಿದ್ದೆ. ತೂಗು ಎಷ್ಟೇ ಅಗಲವಾಗಿದ್ದರೂ ಕಾಲ ಒಂದೇ ಎಂದು ಗೆಲಿಲಿಯೋ ಕೂಡ ನಂಬಿದ್ದ. ಅದು ಪೂರ್ತಿ ನಿಜವಲ್ಲವೆಂದು ಹೈಗೆನ್ಸ್ ತೋರಿಸಿದ. ಗೆಲಿಲಿಯೋ ಎಡವಿದ ಕಡೆಯೇ ನಾನೂ ಎಡವಿದ್ದೆ. ಆ ಗೌರವವನ್ನು ನಾನೇ ಅಳಿಸಿ ಹಾಕಿದೆ!

ಎರಡನೆಯದು ಉದ್ದ. ಲೋಲಕದ ಉದ್ದವೆಂದರೆ ದಾರದ ಉದ್ದವಲ್ಲ. ಆಸರೆಯಿಂದ ಗುಂಡಿನ ನಡುವಿನವರೆಗಿನ ದೂರ. ಒಂದು ಮೀಟರ್ ಲೋಲಕದಲ್ಲಿ ಗುಂಡಿನ ಅರ್ಧವ್ಯಾಸ ಒಂದು ಸೆಂಟಿಮೀಟರನ್ನು ಮರೆತರೆ ‘ಜಿ’ ನೂರಕ್ಕೆ ಒಂದು ಪಾಲು ಇಳಿಯುತ್ತದೆ. ಆದರೆ ಈ ಮರೆವನ್ನು ಹಿಡಿಯುವ ಉಪಾಯವೊಂದಿದೆ. ಐದಾರು ಬೇರೆ ಬೇರೆ ಉದ್ದಗಳಿಗೆ ಪ್ರಯೋಗ ಮಾಡಿ, ಉದ್ದವನ್ನು ಒಂದು ಕಡೆ, ಕಾಲದ ವರ್ಗವನ್ನು ಇನ್ನೊಂದು ಕಡೆ ಹಿಡಿದು ನಕ್ಷೆ ಬರೆಯಿರಿ. ಗೆರೆ ನೇರವಾಗಿ ಬಂದು ಮೂಲಬಿಂದುವನ್ನು ಮುಟ್ಟಬೇಕು. ಅರ್ಧವ್ಯಾಸ ಮರೆತವರ ಗೆರೆಯೂ ನೇರವಾಗಿಯೇ ಇರುತ್ತದೆ, ಅಷ್ಟೇ ಓರೆಯಾಗಿಯೂ ಇರುತ್ತದೆ. ಮೂಲಬಿಂದುವನ್ನು ಮಾತ್ರ ಸರಿಯಾಗಿ ಒಂದು ಸೆಂಟಿಮೀಟರ್ ತಪ್ಪಿಸಿ ಹಾದುಹೋಗುತ್ತದೆ. ಮರೆತದ್ದು ಏನು, ಎಷ್ಟು ಎಂಬುದನ್ನು ಕಾಗದವೇ ಹೇಳುತ್ತದೆ. ‘ಜಿ’ಯನ್ನು ಗೆರೆಯ ಓರೆಯಿಂದ ತೆಗೆದರೆ ಆ ಮರೆವು ಅದನ್ನು ಕೆಡಿಸುವುದೂ ಇಲ್ಲ. ಮೂಲಬಿಂದುವಿಗೆ ಗೆರೆಯನ್ನು ಬಲವಂತವಾಗಿ ಎಳೆದು ಸೇರಿಸುವ ಹುಡುಗ ಈ ಎರಡು ಲಾಭಗಳನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ದಾರ. ಕೊಳ್ಳೇಗಾಲದ ಜನಕ್ಕೆ ನೂಲಿನ ಗುಣವನ್ನು ನಾನು ಹೇಳಿಕೊಡಬೇಕಾಗಿಲ್ಲ. ರೇಷ್ಮೆಯ ಊರಿನವರಿಗೆ ಹುರಿಯ ಗುಣ ಕೈಗೇ ಗೊತ್ತು. ಹುರಿಗೊಳಿಸಿದ ನೂಲಿಗೆ ತೂಕ ಕಟ್ಟಿದರೆ ಹುರಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ನೂಲು ಹಿಗ್ಗುತ್ತದೆ, ಗುಂಡು ತಿರುಗತೊಡಗುತ್ತದೆ. ಮಳೆಗಾಲದ ತೇವಕ್ಕೆ ಒಂದು ರೀತಿ, ಬೇಸಿಗೆಯ ಒಣಗಾಳಿಗೆ ಇನ್ನೊಂದು ರೀತಿ. ಆದುದರಿಂದ ದಾರವನ್ನು ಮೇಜಿನ ಮೇಲೆ ಅಳೆದು ಆಮೇಲೆ ಗುಂಡು ಕಟ್ಟಬಾರದು. ಗುಂಡು ಕಟ್ಟಿ, ಸ್ವಲ್ಪ ಹೊತ್ತು ತೂಗಬಿಟ್ಟು, ತೂಗುತ್ತಿರುವ ಸ್ಥಿತಿಯಲ್ಲಿಯೇ ಉದ್ದವನ್ನು ಅಳೆಯಬೇಕು.

ಗಾಳಿಯ ಬೆಲೆ ಗುಂಡಿನ ಮೇಲೆ ನಿಂತಿದೆ. ನೀರಿನಲ್ಲಿ ಮುಳುಗಿದ ಕೊಡ ಹಗುರವಾಗುವಂತೆ ಗಾಳಿಯಲ್ಲಿರುವ ಗುಂಡೂ ಎಳ್ಳಷ್ಟು ಹಗುರವಾಗುತ್ತದೆ. ಹಿತ್ತಾಳೆಗೆ ಅದು ಏಳೆಂಟು ಸಾವಿರದಲ್ಲಿ ಒಂದು ಪಾಲು, ಮರೆತರೂ ನಡೆದೀತು. ಮರದ ಗುಂಡಿಗೆ ಅದು ಸುಮಾರು ಆರುನೂರರಲ್ಲಿ ಒಂದು ಪಾಲು. ಗುಂಡನ್ನು ಬಿಂದುವೆಂದು ಭಾವಿಸುವುದೂ ಹೀಗೆಯೇ. ಒಂದು ಮೀಟರ್ ದಾರಕ್ಕೆ ಅದರಿಂದ ಬರುವ ದೋಷ ಲೆಕ್ಕಕ್ಕೇ ಬರುವುದಿಲ್ಲ. ಹತ್ತು ಸೆಂಟಿಮೀಟರ್ ದಾರಕ್ಕೆ ಇಳಿದರೆ ‘ಜಿ’ಯಲ್ಲಿ ನೂರಕ್ಕೆ 0.4ರಷ್ಟಾಗುತ್ತದೆ. ದಾರ ಉದ್ದವಿರಲಿ, ಗುಂಡು ಚಿಕ್ಕದಾಗಿಯೂ ಭಾರವಾಗಿಯೂ ಇರಲಿ ಎಂದು ಮೇಷ್ಟರು ಹೇಳುವುದು ಸಂಪ್ರದಾಯಕ್ಕಲ್ಲ. ‘ಇಟ್ಟುಕೊಂಡದ್ದು’ ನಿಜಕ್ಕೆ ಆದಷ್ಟು ಹತ್ತಿರವಾಗಲಿ ಎಂಬುದಕ್ಕೆ.

ಊಹೆ ಬೇರೆ, ತಪ್ಪು ಬೇರೆ ಎಂಬುದನ್ನೂ ಮರೆಯಬಾರದು. ಗುಂಡನ್ನು ಬಿಟ್ಟ ಕ್ಷಣದಲ್ಲಿ ‘ಸೊನ್ನೆ’ ಎನ್ನದೆ ‘ಒಂದು’ ಎಂದು ಎಣಿಸಲು ಆರಂಭಿಸಿದರೆ, ಇಪ್ಪತ್ತು ಎನ್ನುವಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ. ಆಗ ‘ಜಿ’ 10.8ಕ್ಕೆ ಹಾರುತ್ತದೆ. ಅದಕ್ಕೆ ಪ್ರಕೃತಿ ಹೊಣೆಯಲ್ಲ.

ಇಷ್ಟು ಸೂಕ್ಷ್ಮ ನಮಗೇಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ನಮ್ಮ ಮೈಸೂರು ಸೀಮೆಯಲ್ಲಿ ಓಡಾಡಿದ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ದಕ್ಷಿಣ ಇಂಡಿಯಾದ ಮೋಜಣಿಗೆ ಕೈಹಾಕಿ, 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದ. ಅವನ ಸಹಾಯಕರಲ್ಲಿ ಹೆನ್ರಿ ಕೇಟರ್ ಎಂಬ ಯುವಕನೊಬ್ಬನಿದ್ದ. ನಮ್ಮ ಬಯಲುಗಳಲ್ಲಿ ನಡೆಯುವವರ ಪಂಚೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು ಅವನ ಕಣ್ಣಿಗೆ ಬಿತ್ತು. ಅದರ ಊಬು ಒಣಗಿದಾಗ ಹುರಿಗೊಳ್ಳುತ್ತದೆ, ತೇವ ತಗುಲಿದೊಡನೆ ಹುರಿ ಬಿಚ್ಚುತ್ತದೆ. ಕೇಟರ್ ಆ ಊಬಿಗೆ ಮುಳ್ಳೊಂದನ್ನು ಜೋಡಿಸಿ ಗಾಳಿಯ ತೇವವನ್ನು ಅಳೆಯುವ ಉಪಕರಣವನ್ನು ಮಾಡಿದ. ಹುಲ್ಲಿನ ಕನ್ನಡ ಹೆಸರನ್ನೇ ತನ್ನ ಬರಹದಲ್ಲಿ ಕೊಟ್ಟ. ದಾರದ ಹುರಿ ಬಿಚ್ಚುವುದು ಲೋಲಕದವನಿಗೆ ಕಾಟ. ಅದೇ ಗುಣ ತೇವ ಅಳೆಯುವವನಿಗೆ ಉಪಕಾರ. ಒಂದು ಕೆಲಸದಲ್ಲಿ ದೋಷವಾಗಿ ಕಂಡದ್ದನ್ನು ಗಮನಿಸಿ ಬರೆದಿಟ್ಟರೆ ಇನ್ನೊಂದು ಕೆಲಸಕ್ಕೆ ಅದೇ ಸಾಧನವಾಗುತ್ತದೆ.

ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಮರಳಿದ ಈ ಕೇಟರ್ ಲೋಲಕದ ಚರಿತ್ರೆಯಲ್ಲಿ ದೊಡ್ಡ ಹೆಸರಾದ. ನಿಜವಾದ ಲೋಲಕ ಎಂದೂ ‘ಸರಳ’ವಲ್ಲ, ಅದರ ತೂಕ ಒಂದು ಬಿಂದುವಿನಲ್ಲಿಲ್ಲ ಎಂಬುದನ್ನು ಅವನು ಒಪ್ಪಿಕೊಂಡೇ ಹೊರಟ. ಒಂದು ಹಿತ್ತಾಳೆ ಪಟ್ಟಿಗೆ ಎದುರುಬದುರಾಗಿ ಎರಡು ಚೂಪು ಅಂಚುಗಳನ್ನು ಇಟ್ಟ. ಒಂದು ಅಂಚಿನಿಂದ ತೂಗಿಸಿ ಕಾಲ ನೋಡುವುದು. ತಲೆಕೆಳಗು ಮಾಡಿ ಇನ್ನೊಂದರಿಂದ ತೂಗಿಸಿ ನೋಡುವುದು. ಪಟ್ಟಿಯ ಮೇಲಿನ ಸಣ್ಣ ತೂಕಗಳನ್ನು ಸರಿಸುತ್ತ ಎರಡು ಕಾಲಗಳೂ ಸಮನಾಗುವಂತೆ ಮಾಡಿದರೆ, ಆ ಎರಡು ಅಂಚುಗಳ ನಡುವಣ ದೂರವೇ ಪುಸ್ತಕದ ಸರಳ ಲೋಲಕದ ಉದ್ದ. ತೂಕ ಎಲ್ಲಿ ಹೇಗೆ ಹರಡಿದೆ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಈ ಉಪಕರಣದಿಂದ 1817ರಲ್ಲಿ ಲಂಡನ್ನಿನಲ್ಲಿ ಅವನು ಸೆಕೆಂಡು ಲೋಲಕದ ಉದ್ದವನ್ನು, ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸರಿಯಾಗಿ ಒಂದು ಸೆಕೆಂಡು ಹಿಡಿಯುವ ಲೋಲಕದ ಉದ್ದವನ್ನು, 39.139 ಅಂಗುಲ ಎಂದು ನಿರ್ಣಯಿಸಿದ.

ಈ ಅಳತೆಯ ಮೇಲೆ ಇಂಗ್ಲೆಂಡಿನವರಿಗೆ ಎಷ್ಟು ನಂಬಿಕೆಯಿತ್ತೆಂದರೆ, ರಾಷ್ಟ್ರದ ಗಜಕೋಲು ಎಂದಾದರೂ ನಾಶವಾದರೆ ಲೋಲಕದ ಉದ್ದದಿಂದ ಅದನ್ನು ಮತ್ತೆ ಮಾಡಿಕೊಳ್ಳತಕ್ಕದ್ದೆಂದು 1824ರಲ್ಲಿ ಶಾಸನವನ್ನೇ ಮಾಡಿದರು. 1834ರಲ್ಲಿ ಪಾರ್ಲಿಮೆಂಟ್ ಭವನಕ್ಕೆ ಬೆಂಕಿ ಬಿತ್ತು, ಗಜಕೋಲು ಹಾಳಾಯಿತು. ಆದರೆ ಲೋಲಕದ ಸಹಾಯ ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ, 1828ರಲ್ಲಿ, ಜರ್ಮನಿಯ ಬೆಸೆಲ್ ಒಂದು ‘ಇಟ್ಟುಕೊಂಡದ್ದನ್ನು’ ಬಯಲಿಗೆಳೆದಿದ್ದ. ಗಾಳಿ ಗುಂಡನ್ನು ಹಗುರ ಮಾಡುತ್ತದೆ ಎಂಬುದನ್ನು ಎಲ್ಲರೂ ಲೆಕ್ಕಕ್ಕೆ ಹಿಡಿದಿದ್ದರು; ತೂಗುವ ಲೋಲಕ ತನ್ನ ಸುತ್ತಲಿನ ಸ್ವಲ್ಪ ಗಾಳಿಯನ್ನು ತನ್ನೊಡನೆ ಹೊತ್ತೂ ತೂಗುತ್ತದೆ ಎಂಬುದನ್ನು ಹಿಡಿದಿರಲಿಲ್ಲ. ಕೊನೆಗೆ ಉಳಿದಿದ್ದ ಪ್ರತಿಗಳನ್ನು ನೋಡಿಕೊಂಡು ಗಜಕೋಲನ್ನು ಮಾಡಿಕೊಂಡರು. ಲೆಕ್ಕಕ್ಕೆ ಬಾರದ ಒಂದು ಹಿಡಿ ಗಾಳಿ ಒಂದು ದೇಶದ ಶಾಸನವನ್ನು ನಿಷ್ಪ್ರಯೋಜಕ ಮಾಡಿತು!

ಇನ್ನೊಂದು ಕಥೆ ಇದಕ್ಕಿಂತ ಗಂಭೀರವಾದುದು. 1865ರಿಂದ ಕ್ಯಾಪ್ಟನ್ ಬಸೇವಿ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ ಎರಡು ಲೋಲಕಗಳನ್ನು ಹೊತ್ತು ಇಂಡಿಯಾದ ಉದ್ದಗಲಕ್ಕೂ ಸಂಚರಿಸಿ ಗುರುತ್ವವನ್ನು ಅಳೆದ. ಬೆಂಗಳೂರು, ಮಂಗಳೂರುಗಳಲ್ಲೂ ಆ ಲೋಲಕಗಳು ತೂಗಿವೆ. ಅವನು ಲೋಲಕವನ್ನು ಗಾಳಿ ತೆಗೆದ ಪಾತ್ರೆಯೊಳಗೆ ತೂಗಬಿಡುತ್ತಿದ್ದ. ತೂಗಿನ ಅಗಲಕ್ಕೆ ಒಂದು ತಿದ್ದುಪಡಿ, ಉಳಿದ ಗಾಳಿಗೆ ಒಂದು, ಶಾಖಕ್ಕೆ ಒಂದು, ಗಡಿಯಾರದ ನಡಿಗೆಗೆ ಒಂದು, ಸ್ಥಳದ ಎತ್ತರಕ್ಕೆ ಒಂದು. ಇಷ್ಟು ತಿದ್ದುಪಡಿಗಳಾದ ಮೇಲೂ ಹಿಮಾಲಯದ ಕಡೆಯ ಅಂಕಿಗಳು ನಿರೀಕ್ಷೆಗಿಂತ ಕಡಮೆಯೇ ಬಂದವು. ಅಷ್ಟು ದೊಡ್ಡ ಪರ್ವತ ಪಕ್ಕದಲ್ಲಿರುವಾಗ ಎಳೆತ ಕಡಮೆಯಾಗುವುದು ಹೇಗೆ? ಬಸೇವಿ ಆ ಅಂಕಿಗಳನ್ನು ಪುಸ್ತಕಕ್ಕೆ ಹೊಂದುವಂತೆ ತಿದ್ದಲಿಲ್ಲ. ಇನ್ನೂ ಎತ್ತರಕ್ಕೆ ಹೋಗಿ ಅಳೆಯಲು ಹೊರಟ. ಲಡಾಖಿನಲ್ಲಿ ಹದಿನೈದು ಸಾವಿರ ಅಡಿಗೂ ಮೇಲಿರುವ ಮೋರೆ ಎಂಬ ಬಯಲಿನಲ್ಲಿ, ಚಳಿಯಲ್ಲಿ, ಗುಡಾರದೊಳಗೆ, 1871ರ ಜುಲೈ 17ರಂದು ತೀರಿಕೊಂಡ. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಉಳಿದ ಕೆಲಸವನ್ನು ಕ್ಯಾಪ್ಟನ್ ಹೆವಿಸೈಡ್ ಮುಗಿಸಿದ. ಪರ್ವತಗಳ ಅಡಿಯಲ್ಲಿ ಹಗುರವಾದ ಬಂಡೆಯ ಬೇರುಗಳು ಆಳಕ್ಕೆ ಇಳಿದಿವೆ ಎಂದು 1855ರಲ್ಲಿಯೇ ಏರಿ ಎಂಬ ಖಗೋಳಜ್ಞ ಊಹಿಸಿದ್ದ. ಆ ದಿಕ್ಕಿನ ವಿಚಾರಕ್ಕೆ ಈ ಕೊರತೆಯ ಅಂಕಿಗಳು ಬಲ ಕೊಟ್ಟವು.

ಹಾಗೆಂದು ಬಸೇವಿಯ ಲೆಕ್ಕವೂ ಕೊನೆಯ ಮಾತಲ್ಲ. ಲೋಲಕ ತೂಗುವಾಗ ಅದನ್ನು ಹೊತ್ತ ಸ್ಟ್ಯಾಂಡೂ ಕಣ್ಣಿಗೆ ಕಾಣದಷ್ಟು ಬಾಗಿ ತೂಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಪರ್ಸ್ 1870ರ ದಶಕದಲ್ಲಿ ಅಳೆದು ತೋರಿಸಿದ. ‘ಆಸರೆ ಕದಲುವುದಿಲ್ಲ’ ಎಂಬ ಊಹೆಯೂ ಹಾಗೆ ಬಿತ್ತು. ಇಂಡಿಯಾದಲ್ಲಿ 1903ರಿಂದ ಬೇರೆ ಬಗೆಯ ಗಿಡ್ಡ ಲೋಲಕಗಳಿಂದ ಮತ್ತೆ ಅಳತೆ ನಡೆಯಿತು. ಶಾಲೆಯ ಅಲ್ಲಾಡುವ ಮೇಜಿನ ಮೇಲೆ ಸ್ಟ್ಯಾಂಡ್ ಇಡುವ ಮಕ್ಕಳು ಇದನ್ನು ನೆನೆಯಬೇಕು.

ಈಗ ನಮ್ಮ ಮೂರು ತಾಲ್ಲೂಕುಗಳಿಗೆ ಮರಳೋಣ. ಹೇಳದೆ ಉಳಿಸಿಕೊಂಡ ಒಂದು ‘ಇಟ್ಟುಕೊಳ್ಳೋಣ’ ಇನ್ನೂ ಇದೆ. ‘ಜಿ’ ಎಲ್ಲೆಲ್ಲೂ ಪುಸ್ತಕದಲ್ಲಿರುವಷ್ಟೇ ಇದೆ ಎಂಬುದೇ ಅದು. ಭೂಮಿ ತಿರುಗುತ್ತದೆ, ನಡುವಿನಲ್ಲಿ ಉಬ್ಬಿದೆ; ಆದುದರಿಂದ ‘ಜಿ’ ಧ್ರುವದಲ್ಲಿ 9.83, ಲಂಡನ್ನಿನಲ್ಲಿ 9.81, ಭೂಮಧ್ಯರೇಖೆಯಲ್ಲಿ 9.78. ಹನ್ನೆರಡು ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸಾಕಷ್ಟು ಮೇಲಿರುವ ಕೊಳ್ಳೇಗಾಲದಲ್ಲಿ ಅದು ಸುಮಾರು 9.78. ಲಂಡನ್ನಿನ ಸೆಕೆಂಡು ಲೋಲಕ 99.4 ಸೆಂಟಿಮೀಟರಾದರೆ ಕೊಳ್ಳೇಗಾಲದ್ದು 99.1, ಮೂರು ಮಿಲಿಮೀಟರ್ ಗಿಡ್ಡ. ಲಂಡನ್ನಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರವನ್ನು ಹಾಗೆಯೇ ತಂದು ಇಲ್ಲಿ ಇಟ್ಟರೆ ದಿನಕ್ಕೆ ಎರಡು ನಿಮಿಷಕ್ಕೂ ಮಿಕ್ಕಿ ಹಿಂದೆ ಬೀಳುತ್ತದೆ. 1672ರಲ್ಲಿ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದ ರಿಶೇ ಎಂಬಾತ ಇದನ್ನೇ ಕಂಡು ಬೆರಗಾಗಿದ್ದ.

ಅಂದರೆ, ಶ್ರದ್ಧೆಯಿಂದ ಅಳೆದು 9.78 ಪಡೆದ ಹನೂರಿನ ಹುಡುಗಿ, ಪುಸ್ತಕಕ್ಕೆ ಹೆದರಿ 9.81 ಎಂದು ಬರೆದರೆ, ಸರಿಯಾದ ಉತ್ತರವನ್ನು ತಪ್ಪಿಗೆ ತಿದ್ದಿದ ಹಾಗಾಯಿತು!

ಯಳಂದೂರಿನವರಿಗೆ ಇನ್ನೊಂದು ಮಾತು. ಊರಿನ ಗಡಿಯಾರವೊಂದನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಒಯ್ದೆವೆನ್ನಿ. ಏರಿದ ಎತ್ತರ ಸಾವಿರ ಮೀಟರಿಗೆ ಸ್ವಲ್ಪ ಕಡಮೆ ಎಂದು ಇಟ್ಟುಕೊಳ್ಳೋಣ. ಎತ್ತರ ಹೋದಂತೆ ಎಳೆತ ಕುಗ್ಗುವುದರಿಂದ ಗಡಿಯಾರ ದಿನಕ್ಕೆ ಸುಮಾರು ಹತ್ತು ಸೆಕೆಂಡು ನಿಧಾನವಾಗಬೇಕು. ಆದರೆ ಮೇಲೆ ಐದಾರು ಡಿಗ್ರಿ ತಂಪು. ಕಬ್ಬಿಣದ ಕಂಬಿ ಕುಗ್ಗಿ ಗಡಿಯಾರವನ್ನು ಸುಮಾರು ಮೂರು ಸೆಕೆಂಡು ಮುಂದೆ ತಳ್ಳುತ್ತದೆ. ಚಳಿಯನ್ನು ಮರೆತವನು ಬೆಟ್ಟದ ಎತ್ತರವನ್ನೇ ತಪ್ಪಾಗಿ ಎಣಿಸುತ್ತಾನೆ. ಎರಡು ದೋಷಗಳು ಒಂದನ್ನೊಂದು ಮರೆಸಿ ನಿಂತಾಗ ಉತ್ತರ ಸರಿಯಿದ್ದಂತೆ ಕಾಣುತ್ತದೆ. ಮೋಸ ಹೋಗುವುದು ಅಲ್ಲಿಯೇ.

ಶಾಲೆಯ ಪ್ರಯೋಗದಲ್ಲಿ ಇಷ್ಟು ನುಣುಪು ಬರುವುದಿಲ್ಲ ಎಂಬುದು ನಿಜ. ಇಪ್ಪತ್ತು ಆಂದೋಲನ ಎಣಿಸುವವನ ಬೆರಳು ಸೆಕೆಂಡಿನ ಐದನೆಯ ಒಂದು ಪಾಲು ತಡಮಾಡಿದರೆ ಸಾಕು, ‘ಜಿ’ ನೂರಕ್ಕೆ ಒಂದರಷ್ಟು ಆಚೀಚೆ ಆಗುತ್ತದೆ. 9.7 ಆಗಲಿ 9.9 ಆಗಲಿ ಅಲ್ಲಿ ತಪ್ಪಲ್ಲ. ತಾಳ್ಮೆಯಿಂದ ನೂರು ಆಂದೋಲನ ಎಣಿಸಿದರೆ ಆ ದೋಷ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗ ಲಂಡನ್ನಿಗೂ ಕೊಳ್ಳೇಗಾಲಕ್ಕೂ ಇರುವ ಅಂತರ, ಒಂದು ದಾರ, ಒಂದು ಗುಂಡು ಹಿಡಿದವನ ಕೈಗೆ ಸಿಗುವಷ್ಟು ಹತ್ತಿರ ಬರುತ್ತದೆ.

ಆದುದರಿಂದ ತಾಯಿತಂದೆಗಳಲ್ಲಿ ನನ್ನದೊಂದು ಅರಿಕೆ. ಈ ಸಂಜೆ ಮನೆಯಲ್ಲಿಯೇ ಒಂದು ಮೊಳೆಗೆ ದಾರ ಕಟ್ಟಿ, ಒಂದು ಭಾರವಾದ ಗುಂಡನ್ನು ತೂಗಬಿಟ್ಟು, ಮಕ್ಕಳೊಡನೆ ನೂರನ್ನು ಎಣಿಸಿರಿ. ಬಂದ ಅಂಕಿಯನ್ನು ಹಾಗೆಯೇ ಬರೆಯಲು ಹೇಳಿರಿ. ಅದರ ಪಕ್ಕದಲ್ಲಿ ಏನೇನನ್ನು ಇಟ್ಟುಕೊಂಡೆವು, ಯಾವುದು ಎಷ್ಟು ಹುಸಿಯಾಯಿತು ಎಂಬ ನಾಲ್ಕು ಸಾಲು ಇರಲಿ. ಅಧ್ಯಾಪಕ ಬಂಧುಗಳಲ್ಲಿಯೂ ಇಷ್ಟೇ ಅರಿಕೆ: 9.8ಕ್ಕೆ ಅಂಕ ಕೊಡಬೇಡಿ. ಆ ನಾಲ್ಕು ಸಾಲಿಗೆ ಕೊಡಿ. ಪುಸ್ತಕದ ಅಂಕಿಯನ್ನು ನಕಲು ಮಾಡಲು ಪ್ರಯೋಗಶಾಲೆಯೇ ಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವುದನ್ನು ಹದಿನಾರನೆಯ ವಯಸ್ಸಿನಲ್ಲಿ ಕಲಿತವರು ಮುಂದೆ ಲೆಕ್ಕದ ಪುಸ್ತಕ ಬರೆಯುವಾಗಲೂ, ಔಷಧಿ ಅಳೆಯುವಾಗಲೂ, ಸೇತುವೆ ಕಟ್ಟುವಾಗಲೂ ಹಾಗೆಯೇ ಬರೆಯುತ್ತಾರೆ ಎಂದು ನಾವು ಇಟ್ಟುಕೊಳ್ಳೋಣ. ಆ ಊಹೆ ನಿಜವಾಗುವಂತೆ ನೋಡಿಕೊಳ್ಳುವ ಭಾರ ಮಾತ್ರ ನಮ್ಮೆಲ್ಲರ ಮೇಲಿದೆ.